ಕವಿತೆ, ಸಣ್ಣಕತೆ, ಮುನ್ನೂರು ಪ್ರತಿ: ನಮ್ಮ ಪುಟ್ಟ ಪ್ರಕಾಶನಕ್ಕೆ ಪದೇ ಪದೇ ಕೇಳುವ ಪ್ರಶ್ನೆಗಳು

ಫೋನಿನಲ್ಲಿ, ಪುಸ್ತಕ ಮಳಿಗೆಯಲ್ಲಿ, ಮದುವೆ ಊಟದ ಪಂಕ್ತಿಯಲ್ಲಿ ಕೂಡ ನಮ್ಮನ್ನು ಕೇಳುವ ಪ್ರಶ್ನೆಗಳಿವು. ಧಾರವಾಡದಲ್ಲಿ ಇಬ್ಬರು ಸೇರಿ ನಡೆಸುವ ಪ್ರಕಾಶನ ನಮ್ಮದು. ಒಬ್ಬರು ಬ್ಯಾಂಕಿನಿಂದ ನಿವೃತ್ತರು, ಇನ್ನೊಬ್ಬರು ಕಾಲೇಜಿನಲ್ಲಿ ಪಾಠ ಹೇಳುವವರು. ಬರೆದಿಟ್ಟರೆ ಫೋನು ಸ್ವಲ್ಪ ಕಡಿಮೆಯಾದೀತೆಂಬ ಆಸೆ.

ನೀವು ಏನೇನು ಪ್ರಕಟಿಸುತ್ತೀರಿ?

ಕವನ ಸಂಕಲನ, ಕಥಾ ಸಂಕಲನ. ಅಷ್ಟೇ. ವರ್ಷಕ್ಕೆ ನಾಲ್ಕು, ಎಲ್ಲ ಕೂಡಿಬಂದರೆ ಐದು. ಕಾದಂಬರಿ, ಪಿಎಚ್‌ಡಿ ಪ್ರಬಂಧ, ಅಭಿನಂದನಾ ಗ್ರಂಥ, ಮಗಳ ಮದುವೆಯಲ್ಲಿ ಹಂಚುವ ಚುಟುಕು ಸಂಕಲನ ಇವನ್ನು ಮಾಡುವುದಿಲ್ಲ. ಕೊನೆಯದನ್ನು ಕೇಳಿಕೊಂಡು ಒಬ್ಬರು ನಿಜವಾಗಿಯೂ ಬಂದಿದ್ದರು. ಒಳ್ಳೆಯ ಮನುಷ್ಯ, ಆಗುವುದಿಲ್ಲ ಎಂದರೂ ಪೇಢೆ ಕೊಟ್ಟು ಹೋದರು.

ಪುಸ್ತಕ ಹಾಕಿಸಲು ನಾನು ಎಷ್ಟು ಹಣ ಕೊಡಬೇಕಾಗುತ್ತದೆ?

ಒಂದು ರೂಪಾಯಿಯೂ ಬೇಡ. ‘ನೂರು ಪ್ರತಿ ನೀವೇ ಕೊಳ್ಳಬೇಕು’ ಎಂಬ ಹಿಂಬಾಗಿಲ ಷರತ್ತೂ ಇಲ್ಲ. ಇದನ್ನು ಹೇಳಿದ ಕೂಡಲೇ ‘ಹಾಗಾದರೆ ನಿಮಗೇನು ಗಿಟ್ಟುತ್ತದೆ?’ ಎಂಬ ಅನುಮಾನದ ಪ್ರಶ್ನೆ ಬರುತ್ತದೆ. ಲೆಕ್ಕ ಬಿಚ್ಚಿಡುತ್ತೇವೆ.

ನಮ್ಮ ಕಳೆದ ಕವನ ಸಂಕಲನ 96 ಪುಟದ್ದು, ಅಂದರೆ 16 ಪುಟದ ಆರು ಫಾರಂ (ಮಡಚಿದ ಅಚ್ಚು ಹಾಳೆ). 1/8 ಡೆಮಿ ಆಕಾರ, 70 ಜಿಎಸ್‌ಎಂ ಮ್ಯಾಪ್‌ಲಿಥೋ ಕಾಗದ, 300 ಪ್ರತಿ. ಡಿಟಿಪಿ (ಕಂಪ್ಯೂಟರಿನಲ್ಲಿ ಪುಟ ಜೋಡಿಸುವುದು), ಮುಖಪುಟ, ಮುದ್ರಣ, ಬೈಂಡಿಂಗ್ ಎಲ್ಲ ಸೇರಿ ಪ್ರತಿಯೊಂದಕ್ಕೆ 62 ರೂಪಾಯಿ ಬಿತ್ತು. ಮುಖಬೆಲೆ 140. ಅಂಗಡಿಯಲ್ಲಿ ಮಾರಾಟವಾದರೆ ಶೇ 40 ಕಮಿಷನ್, ಅಂದರೆ 56 ರೂಪಾಯಿ ಅಲ್ಲಿಗೇ ಹೋಯಿತು. ಉಳಿದ 84ರಲ್ಲಿ ಲೇಖಕರ ಗೌರವಧನ 14, ಮಾಡಿಸಿದ ಖರ್ಚು 62. ನಮ್ಮ ಕೈಗೆ 8 ರೂಪಾಯಿ. ಅದೇ ಪುಸ್ತಕವನ್ನು ಓದುಗರು ನೇರ ನಮ್ಮಿಂದ ಕೊಂಡರೆ 64 ರೂಪಾಯಿ. ಪ್ರಕಾಶನ ನಡೆಯುವುದು ಈ 64ರ ಮೇಲೆ. ಪುಸ್ತಕಕ್ಕೆ ಜಿಎಸ್‌ಟಿ ಇಲ್ಲವೆಂದು ಹಲವರು ಸಂತೋಷಪಡುತ್ತಾರೆ. ನಿಜ, ಇಲ್ಲ. ಆದರೆ ಕಾಗದಕ್ಕೂ ಮುದ್ರಣಕ್ಕೂ ಇದೆ, ಮತ್ತು ಪುಸ್ತಕಕ್ಕೆ ವಿನಾಯಿತಿ ಇರುವುದರಿಂದಲೇ ಅಲ್ಲಿ ಕಟ್ಟಿದ್ದನ್ನು ಮರಳಿ ಪಡೆಯಲು ಬರುವುದಿಲ್ಲ.

ಲೇಖಕರಿಂದ ದುಡ್ಡು ತೆಗೆದುಕೊಳ್ಳದಿರುವುದು ದೊಡ್ಡತನಕ್ಕಲ್ಲ. ಖರ್ಚೆಲ್ಲ ಮೊದಲೇ ಲೇಖಕರ ಜೇಬಿನಿಂದ ಬಂದುಬಿಟ್ಟರೆ, ಓದುಗರನ್ನು ಹುಡುಕಿಕೊಂಡು ಹೋಗುವ ದರ್ದು ಪ್ರಕಾಶಕರಿಗೆ ಎಲ್ಲಿರುತ್ತದೆ? ಬಂಡಲುಗಳು ಲೇಖಕರ ಮನೆಯ ಮಂಚದ ಕೆಳಗೆ ಸೇರುತ್ತವೆ. ನಮ್ಮ ದುಡ್ಡೇ ಸಿಕ್ಕಿಬಿದ್ದಿದ್ದರೆ ನಾವು ಸುಮ್ಮನೆ ಕೂರುವುದಿಲ್ಲ.

ಹಾಗಾದರೆ ಬರೀ 300 ಪ್ರತಿ ಏಕೆ? ಸಾವಿರ ಹಾಕಿದರೆ ಅಗ್ಗವಾಗುವುದಿಲ್ಲವೇ?

ಪ್ರತಿಯೊಂದರ ಖರ್ಚು ಇಳಿಯುತ್ತದೆ, ಇಡಲು ಜಾಗ ಬೇಕಾಗುತ್ತದೆ. ಧಾರವಾಡದ ಮಳೆಗಾಲ ಕಂಡವರಿಗೆ ಗೊತ್ತು, ಜುಲೈ ತಿಂಗಳಲ್ಲಿ ಗೋಡೆಗೆ ತಾಗಿಸಿಟ್ಟ ಬಂಡಲಿನ ಗತಿ ಏನಾಗುತ್ತದೆಂದು. ಮುನ್ನೂರು ಖಾಲಿಯಾದರೆ ಮತ್ತೆ ಮುನ್ನೂರು ಹಾಕುತ್ತೇವೆ. ಡಿಜಿಟಲ್ ಮುದ್ರಣ ಬಂದಮೇಲೆ ಇದಕ್ಕೆ ಅಡ್ಡಿಯಿಲ್ಲ.

ಹಸ್ತಪ್ರತಿ ಹೇಗೆ ಕಳಿಸಬೇಕು?

ಯೂನಿಕೋಡ್‌ನಲ್ಲಿ, ವರ್ಡ್ ಫೈಲ್ ಆಗಿ. ಕೈಬರಹದಲ್ಲಿ ಕಳಿಸಿದರೂ ಓದುತ್ತೇವೆ, ಹಿರಿಯರಿಗೆ ಈ ವಿಷಯದಲ್ಲಿ ಕಾಟ ಕೊಡುವುದಿಲ್ಲ. ಪಿಡಿಎಫ್ ಬೇಡ. ಹಳೆಯ ನುಡಿ, ಬರಹ, ಶ್ರೀಲಿಪಿ ತಂತ್ರಾಂಶಗಳ ಫೈಲುಗಳಿದ್ದರೆ ಯೂನಿಕೋಡ್‌ಗೆ ಪರಿವರ್ತಿಸಿ, ಪರಿವರ್ತಿಸಿದ ಮೇಲೆ ಒಮ್ಮೆ ಕಣ್ಣಾರೆ ಓದಿ ಕಳಿಸಿ.

ಇಲ್ಲೊಂದು ವಿಶೇಷ ವಿನಂತಿ. ಅನುಸ್ವಾರ ಒತ್ತುವ ಬದಲು ಕನ್ನಡದ ಸೊನ್ನೆ ಒತ್ತುವ ರೂಢಿ ಎಷ್ಟೋ ಜನರಿಗಿದೆ. ‘ಮ೦ಗಳ’ ಮತ್ತು ‘ಮಂಗಳ’ ಎರಡನ್ನೂ ನೋಡಿ. ಮೊದಲನೆಯದರಲ್ಲಿ ಇರುವುದು ಅಂಕಿ. ಕಣ್ಣಿಗೆ ಫರಕು ಕಾಣುವುದಿಲ್ಲ, ಕಂಪ್ಯೂಟರಿಗೆ ಅದು ಬೇರೆಯದೇ ಪದ, ಹುಡುಕಿದರೆ ಸಿಗುವುದಿಲ್ಲ. ಅರ್ಕಾವೊತ್ತಿನ ಬದಲು ಒಂಬತ್ತು ಬರೆಯುವ ‘ಕನಾ೯ಟಕ’ವಂತೂ ಪ್ರತಿ ಎರಡನೇ ಫೈಲಿನಲ್ಲಿ ಇರುತ್ತದೆ. ಒಂದು ಕಥಾ ಸಂಕಲನದಿಂದ ಇಂಥ ಸೊನ್ನೆಗಳನ್ನು ಹೆಕ್ಕಿ ತೆಗೆಯಲು ನಮಗೆ ಎರಡು ರಾತ್ರಿ ಹಿಡಿದಿತ್ತು. ಜೋಳದಲ್ಲಿ ಕಲ್ಲು ಆರಿಸಿದ ಹಾಗೆ.

ಎಷ್ಟು ಕವಿತೆ, ಎಷ್ಟು ಕತೆ ಇರಬೇಕು?

ನಲವತ್ತರಿಂದ ಐವತ್ತು ಕವಿತೆ ಅಥವಾ ಎಂಟರಿಂದ ಹತ್ತು ಕತೆ. ನೂರಿಪ್ಪತ್ತು ಕವಿತೆ ಕಳಿಸಿ ‘ನಿಮಗೆ ಬೇಕಾದ್ದನ್ನು ಆರಿಸಿಕೊಳ್ಳಿ’ ಎನ್ನಬೇಡಿ. ಆರಿಸುವುದೂ ಬರೆಯುವುದರದೇ ಭಾಗ.

ಫೇಸ್‌ಬುಕ್‌ನಲ್ಲಿ ಹಾಕಿದ ಕವಿತೆಗಳು ನಡೆಯುತ್ತವೆಯೇ? ಮಯೂರ, ತುಷಾರದಲ್ಲಿ ಬಂದ ಕತೆಗಳು?

ಧಾರಾಳವಾಗಿ. ಎಲ್ಲಿ, ಯಾವಾಗ ಬಂತು ಎಂದು ಕೊನೆಯಲ್ಲಿ ಬರೆಯಿರಿ. ಬಹುಮಾನ ಬಂದಿದ್ದರೆ ಅದನ್ನು ಬರೆಯುವ ಅಗತ್ಯವಿಲ್ಲ, ನಾವು ನೋಡುವುದಿಲ್ಲ.

ಉತ್ತರ ಎಷ್ಟು ದಿನಕ್ಕೆ ಬರುತ್ತದೆ?

ನಾಲ್ಕು ತಿಂಗಳು. ಪರೀಕ್ಷೆ ಪೇಪರು ತಿದ್ದುವ ಕಾಲದಲ್ಲಿ ಐದು.

ನನ್ನ ಕತೆಯ ಭಾಷೆಯನ್ನು ನೀವು ತಿದ್ದುತ್ತೀರಾ?

ತಿದ್ದುತ್ತೇವೆ, ನಿಮ್ಮ ಒಪ್ಪಿಗೆ ಇಲ್ಲದೆ ಒಂದು ಅಲ್ಪವಿರಾಮವನ್ನೂ ಅಚ್ಚಿಗೆ ಕಳಿಸುವುದಿಲ್ಲ. ಆದರೆ ತಿದ್ದುವುದೆಂದರೆ ಗ್ರಂಥಸ್ಥ ಕನ್ನಡಕ್ಕೆ ತರುವುದು ಎಂದುಕೊಂಡಿದ್ದರೆ ಅದು ಹಾಗಲ್ಲ.

ಎರಡು ವರ್ಷದ ಹಿಂದೆ ಸವದತ್ತಿ ಕಡೆಯ ಯುವ ಲೇಖಕಿಯೊಬ್ಬರು ಕತೆಗಳನ್ನು ಕಳಿಸಿದ್ದರು. ಮಾತುಕತೆಯೆಲ್ಲ ‘ಅಂವ ಹೋಗ್ಯಾನ’, ‘ಏನ್ ಮಾಡಾಕತ್ತೀಯವ್ವಾ’ ಎಂದು ಹರಿಯುತ್ತಿತ್ತು. ನಿರೂಪಣೆಗೆ ಬಂದರೆ ‘ಅವನು ಹೊರಟುಹೋದನು, ಅವಳು ದಿಗ್ಭ್ರಾಂತಳಾದಳು’. ಒಂದೇ ಮನೆಯಲ್ಲಿ ಅಡುಗೆಮನೆಗೆ ಒಂದು ಭಾಷೆ, ಪಡಸಾಲೆಗೆ ಇನ್ನೊಂದು. ಯಾಕೆ ಹೀಗೆ ಎಂದು ಕೇಳಿದೆವು. ‘ಸರ್, ಬೆಂಗಳೂರು ಮೈಸೂರಿನವರಿಗೆ ತಿಳೀಬೇಕಲ್ರಿ’ ಎಂದರು. ನಾವು ಮಾಡಿದ್ದು ಇಷ್ಟೇ: ಅವರ ಒಂದು ಕತೆಯನ್ನು ಅವರಿಂದಲೇ ಬಾಯಲ್ಲಿ ಹೇಳಿಸಿ ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡೆವು. ಹೇಳುವಾಗ ‘ದಿಗ್ಭ್ರಾಂತಳಾದಳು’ ಬರಲೇ ಇಲ್ಲ. ಅದರ ಬದಲು ‘ಆಕಿ ಹಂಗss ಸೆರಗು ಹಿಡಕೊಂಡು ನಿಂತ್ಳು’ ಎಂದು ಬಂತು. ಆಮೇಲೆ ಅವರೇ ಕೂತು ಎಂಟೂ ಕತೆಗಳನ್ನು ಮತ್ತೆ ಬರೆದರು. ಪುಸ್ತಕದ ಕೊನೆಗೆ ಪದಕೋಶ ಹಾಕೋಣವೇ ಎಂದು ನಮ್ಮಿಬ್ಬರಲ್ಲೇ ಜಗಳವಾಗಿ, ಹಾಕುವುದು ಬೇಡ ಎಂದಾಯಿತು. ಮೈಸೂರಿನಿಂದಲೂ ಆರ್ಡರ್ ಬಂತು. ತಿಳಿಯಲಿಲ್ಲ ಎಂದು ಯಾರೂ ಬರೆದಿಲ್ಲ.

ಇದರ ಅರ್ಥ ಎಲ್ಲರೂ ಆಡುಮಾತಿನಲ್ಲೇ ಬರೆಯಬೇಕೆಂದಲ್ಲ. ಕುಂದಾಪುರದವರು ಒತ್ತಾಯಕ್ಕೆ ಕುಂದಾಪ್ರ ಕನ್ನಡ ಬೆರೆಸಿದರೂ ಅಷ್ಟೇ ಕೃತಕವಾಗಿ ಕೇಳಿಸುತ್ತದೆ.

ಮುನ್ನುಡಿಯನ್ನು ದೊಡ್ಡ ಸಾಹಿತಿಗಳಿಂದ ಬರೆಸಿಕೊಡುತ್ತೀರಾ?

ಇಲ್ಲ. ನಮ್ಮ ಪುಸ್ತಕಗಳಿಗೆ ಮುನ್ನುಡಿ ಇರುವುದಿಲ್ಲ. ಹನ್ನೆರಡು ಪುಟದ ಮುನ್ನುಡಿ ಓದಿ ಮುಗಿಸುವ ಹೊತ್ತಿಗೆ ಓದುಗರಿಗೆ ಯಾವ ಕವಿತೆಯಲ್ಲಿ ಏನು ಕಾಣಬೇಕೆಂಬುದು ತೀರ್ಮಾನವಾಗಿಬಿಟ್ಟಿರುತ್ತದೆ. ಮುನ್ನುಡಿಗೆಂದು ಹಿರಿಯರ ಮನೆಗೆ ಅಲೆದು ವರ್ಷ ಕಳೆದವರೂ ಇದ್ದಾರೆ. ಬೆನ್ನುಡಿ ಮಾತ್ರ ನಾವೇ ಬರೆಯುತ್ತೇವೆ, ಐದು ಸಾಲು.

ಕರಡು ತಿದ್ದುವ ಕೆಲಸ ಯಾರದು?

ಮೂರು ಸುತ್ತು. ಮೊದಲನೆಯದು ನಮ್ಮದು, ಎರಡನೆಯದು ಲೇಖಕರದು, ಮೂರನೆಯದನ್ನು ಒಬ್ಬರು ಗಟ್ಟಿಯಾಗಿ ಓದಿ ಇನ್ನೊಬ್ಬರು ಮೂಲದ ಮೇಲೆ ಬೆರಳಿಟ್ಟುಕೊಂಡು ನೋಡುತ್ತಾರೆ.

ಈ ಮೂರನೇ ಸುತ್ತು ಹುಟ್ಟಿದ ಕತೆ ಹೇಳಿಬಿಡುತ್ತೇವೆ. ನಮ್ಮ ಎರಡನೇ ಪುಸ್ತಕ ಬಿಡುಗಡೆಯಾಗಿ ವಾರವಾಗಿತ್ತು. ಕವಿಗಳು ಫೋನ್ ಮಾಡಿ, ಬೈಯದೆ, 47ನೇ ಪುಟದ ಕವಿತೆಯನ್ನು ಓದತೊಡಗಿದರು. ಓದುತ್ತ ಓದುತ್ತ ಒಂದು ಕಡೆ ನಿಂತರು. ನಾವು ಕಾದೆವು. ‘ಅಷ್ಟೇ ಐತಿ ನೋಡ್ರಿ ಪುಸ್ತಕದಾಗ’ ಎಂದರು. ಡಿಟಿಪಿಯಲ್ಲಿ ಚೌಕಟ್ಟಿನೊಳಗೆ ಹಿಡಿಸದೆ ಕೊನೆಯ ಮೂರು ಸಾಲು ಪುಟದ ಹೊರಗೇ ಉಳಿದಿದ್ದವು. ಅರ್ಥ ಹೇಗೋ ಕೂಡಿಬಂದಿದ್ದರಿಂದ ಇಬ್ಬರ ಕಣ್ಣಿಗೂ ಬಿದ್ದಿರಲಿಲ್ಲ. ಆ ಮೂರು ಸಾಲನ್ನು ಸಣ್ಣ ಚೀಟಿಗಳಲ್ಲಿ ಅಚ್ಚು ಹಾಕಿಸಿ, ಮಾರದೆ ಉಳಿದಿದ್ದ 212 ಪ್ರತಿಗಳಲ್ಲಿ ಮೈದಾ ಅಂಟಿನಿಂದ ಒಂದೊಂದಾಗಿ ಅಂಟಿಸಿದೆವು. ಈಗ ಚೀಟಿ ಇರುವ ಪ್ರತಿಯೇ ಬೇಕೆಂದು ಕೇಳುವವರಿದ್ದಾರೆ. ಇಲ್ಲ, ಎಲ್ಲ ಖರ್ಚಾಗಿವೆ.

ಹಕ್ಕು ಯಾರದು?

ನಿಮ್ಮದೇ. ಹಕ್ಕುಸ್ವಾಮ್ಯ ಬರೆದ ಕ್ಷಣದಿಂದ ಲೇಖಕರದು. ನೋಂದಣಿ ಮಾಡಿಸಲೇಬೇಕೆಂಬ ನಿಯಮವಿಲ್ಲ, ಲೇಖಕರ ಕಾಲಾನಂತರವೂ 60 ವರ್ಷ ಉಳಿಯುತ್ತದೆ. ನಮ್ಮ ಜೊತೆ ಮಾಡಿಕೊಳ್ಳುವ ಕರಾರು ಒಂದೂವರೆ ಪುಟದ್ದು, ಕನ್ನಡದಲ್ಲೇ ಇದೆ. ಐದು ವರ್ಷದ ಮಟ್ಟಿಗೆ ಕನ್ನಡದಲ್ಲಿ ಮುದ್ರಿಸಿ ಮಾರುವ ಅನುಮತಿ ಮಾತ್ರ ಕೇಳುತ್ತೇವೆ. ಅನುವಾದ, ಸಿನಿಮಾ, ನಾಟಕ, ಆಡಿಯೋ ಎಲ್ಲ ನಿಮ್ಮಲ್ಲೇ.

ನಮ್ಮ ಜೊತೆ ಮಾಡದಿದ್ದರೂ ಸರಿ, ಬೇರೆ ಎಲ್ಲೇ ಸಹಿ ಹಾಕುವ ಮುಂಚೆ 1957ರ ಕೃತಿಸ್ವಾಮ್ಯ ಕಾಯ್ದೆಯ 19ನೇ ಕಲಮನ್ನು ಒಮ್ಮೆ ನೋಡಿ. ಹಕ್ಕು ವರ್ಗಾವಣೆ ಬರಹದಲ್ಲಿರಬೇಕು. ಎಷ್ಟು ಕಾಲಕ್ಕೆ ಎಂದು ಬರೆಯದಿದ್ದರೆ ಐದು ವರ್ಷ ಎಂದೇ ಲೆಕ್ಕ. ಎಲ್ಲಿಗೆ ಎಂದು ಬರೆಯದಿದ್ದರೆ ಭಾರತಕ್ಕೆ ಮಾತ್ರ. ಬೇರೆ ಷರತ್ತು ಬರೆದಿರದಿದ್ದರೆ, ಹಕ್ಕು ಪಡೆದವರು ಒಂದು ವರ್ಷದೊಳಗೆ ಅದನ್ನು ಬಳಸದೇ ಹೋದರೆ ವರ್ಗಾವಣೆ ಬಿದ್ದುಹೋಗುತ್ತದೆ. ‘ಎಲ್ಲ ಹಕ್ಕುಗಳನ್ನೂ ಶಾಶ್ವತವಾಗಿ’ ಎಂಬ ಒಂದು ಸಾಲಿಗೆ ಸಹಿ ಹಾಕಿ, ಆಮೇಲೆ ತಮ್ಮದೇ ಕತೆಯ ಅನುವಾದಕ್ಕೆ ಇನ್ನೊಬ್ಬರ ಅಪ್ಪಣೆ ಕೇಳುವ ಸ್ಥಿತಿಗೆ ಬಂದವರನ್ನು ಹತ್ತಿರದಿಂದ ನೋಡಿದ್ದೇವೆ.

ಗೌರವಧನ ಎಷ್ಟು, ಯಾವಾಗ?

ಮುಖಬೆಲೆಯ ಶೇ 10, ಮಾರಾಟವಾದ ಪ್ರತಿಗಳಿಗೆ. ಏಪ್ರಿಲ್‌ನಲ್ಲಿ ಲೆಕ್ಕದ ಚೀಟಿಯ ಜೊತೆ. ಒಮ್ಮೆ ಒಬ್ಬರಿಗೆ 98 ರೂಪಾಯಿ ಬಂದಿತ್ತು, ಅದನ್ನೂ ಕಳಿಸಿದೆವು.

ಲೇಖಕರಿಗೆ ಎಷ್ಟು ಗೌರವ ಪ್ರತಿ ಕೊಡುತ್ತೀರಿ?

ಹತ್ತು. ಹತ್ತೇ ಏಕೆ ಎಂಬುದಕ್ಕೆ ಸ್ವಲ್ಪ ಉದ್ದದ ಉತ್ತರವಿದೆ.

ಕನ್ನಡದಲ್ಲಿ ಕವನ ಸಂಕಲನವನ್ನು ಕೊಳ್ಳುವ ರೂಢಿಗಿಂತ ಪಡೆಯುವ ರೂಢಿ ಜೋರು. ಗೆಳೆಯ ಬರೆದಿದ್ದಾನೆ, ಕೊಡುತ್ತಾನೆ. ‘ನನಗೊಂದು ಪ್ರತಿ ಇಡ್ರಿ’ ಎಂದು ಹೆಗಲ ಮೇಲೆ ಕೈ ಹಾಕಿ ಕೇಳುತ್ತಾರೆ, ನಮ್ಮ ಕಡೆ ನೋಡುವುದೂ ಇಲ್ಲ. ಲೇಖಕರು ಸಂಕೋಚಕ್ಕೆ ಸಹಿ ಹಾಕಿ ಕೊಡುತ್ತಾರೆ. ಆ ಪುಸ್ತಕ ಆರು ತಿಂಗಳ ಮೇಲೆ ‘ಪ್ರೀತಿಯಿಂದ’ ಎಂಬ ಬರಹದ ಸಮೇತ ಹಳೇ ಪುಸ್ತಕದ ಗಾಡಿಯಲ್ಲಿ ಸಿಗುತ್ತದೆ. ನಾವೇ ಅಂಥ ಎರಡನ್ನು ಇಪ್ಪತ್ತು ಇಪ್ಪತ್ತು ರೂಪಾಯಿಗೆ ಕೊಂಡು ತಂದಿದ್ದೇವೆ. ಲೇಖಕರಿಗೆ ಹೇಳಿಲ್ಲ.

140 ರೂಪಾಯಿ ಕೊಟ್ಟವರು ಓದುತ್ತಾರೆ, ಕಡೇಪಕ್ಷ ಪುಟ ತಿರುವುತ್ತಾರೆ, ಹಿಡಿಸದಿದ್ದರೆ ನಮಗೆ ಬೈದು ಬರೆಯುತ್ತಾರೆ. ಬಿಟ್ಟಿ ಬಂದದ್ದಕ್ಕೆ ಬೈಗುಳವೂ ಬರುವುದಿಲ್ಲ. ಹಿಂದಿನ ಕಾದಂಬರಿಕಾರ ಗಳಗನಾಥರು ಪುಸ್ತಕದ ಗಂಟು ಹೊತ್ತು ಊರೂರು ತಿರುಗಿದ್ದು ಹಂಚಲಿಕ್ಕಲ್ಲ, ಮಾರಲಿಕ್ಕೆ. ಆದ್ದರಿಂದ ನಮ್ಮ ಲೇಖಕರಲ್ಲಿ ಒಂದೇ ಕೋರಿಕೆ: ಹತ್ತು ಪ್ರತಿ ಮನೆಯವರಿಗೆ, ಗುರುಗಳಿಗೆ. ಉಳಿದವರು ಕೇಳಿದರೆ ನಮ್ಮ ಮೇಲೆ ಹಾಕಿ. ‘ಪ್ರಕಾಶಕರು ಭಾಳ ಜುಗ್ಗರು’ ಎನ್ನಿ. ನಮಗೇನೂ ಬೇಸರವಿಲ್ಲ.

ಗ್ರಂಥಾಲಯದ ಸಗಟು ಖರೀದಿಗೆ ಹಾಕುತ್ತೀರಾ?

ಹಾಕುತ್ತೇವೆ. ಬಂದರೆ ಬಂತು. ಅದನ್ನೇ ನಂಬಿ ಪುಟ ಹಿಗ್ಗಿಸಿ, ಕಾಗದ ಇಳಿಸಿ ಪುಸ್ತಕ ಮಾಡುವುದಿಲ್ಲ. ಮೊದಲ ಪುಸ್ತಕದ ಯುವ ಬರಹಗಾರರು ಕನ್ನಡ ಪುಸ್ತಕ ಪ್ರಾಧಿಕಾರದ ಚೊಚ್ಚಲ ಕೃತಿ ಪ್ರೋತ್ಸಾಹಧನಕ್ಕೂ ಅರ್ಜಿ ಹಾಕಬಹುದು. ನಮ್ಮಲ್ಲಿ ಬಂದರೂ ಬರದಿದ್ದರೂ ಆ ಪ್ರಕಟಣೆ ಹೊರಟಾಗ ಗಮನವಿಟ್ಟು ನೋಡಿ.

ಐಎಸ್‌ಬಿಎನ್ (ಪುಸ್ತಕದ ಗುರುತಿನ ಸಂಖ್ಯೆ) ಕೊಡಿಸಲು ದುಡ್ಡು ಕೇಳುತ್ತಿದ್ದಾರೆ, ಸರಿಯೇ?

ದೆಹಲಿಯ ರಾಜಾ ರಾಮಮೋಹನ್ ರಾಯ್ ರಾಷ್ಟ್ರೀಯ ಏಜೆನ್ಸಿ ಇದನ್ನು ಉಚಿತವಾಗಿ ಕೊಡುತ್ತದೆ, ಅರ್ಜಿ ಆನ್‌ಲೈನ್. ಸ್ವಂತ ಪ್ರಕಟಣೆ ಮಾಡುವ ಲೇಖಕರೂ ಪಡೆಯಬಹುದು. ಅರ್ಜಿ ತುಂಬಿಕೊಟ್ಟ ಶ್ರಮಕ್ಕೆ ಯಾರಾದರೂ ಚಹಾ ಕೇಳಿದರೆ ಕೊಡಿಸಿ, ಸಾವಿರಗಟ್ಟಲೆ ಕೇಳಿದರೆ ಎದ್ದು ಬನ್ನಿ. ಇನ್ನೊಂದು ವಿಷಯ ಸ್ವಂತ ಪ್ರಕಟಣೆಯವರು ಮರೆಯುತ್ತಾರೆ. 1954ರ ಕಾಯ್ದೆಯ ಪ್ರಕಾರ ಪುಸ್ತಕ ಹೊರಬಂದ 30 ದಿನದೊಳಗೆ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೆ ಒಂದು ಪ್ರತಿ ಕಳಿಸಬೇಕು. ಚೆನ್ನೈ, ಮುಂಬೈ, ದೆಹಲಿಯ ಗೊತ್ತುಪಡಿಸಿದ ಗ್ರಂಥಾಲಯಗಳಿಗೂ ಒಂದೊಂದು. ಯಾರೂ ಓದದಿದ್ದರೂ ನಿಮ್ಮ ಕವಿತೆ ಕೋಲ್ಕತ್ತದ ಕಪಾಟಿನಲ್ಲಿ ತಣ್ಣಗೆ ಇರುತ್ತದೆ.

ಚಂದಾ ಯೋಜನೆ ಎಂದರೇನು?

ವರ್ಷಕ್ಕೆ 500 ರೂಪಾಯಿ, ಆ ವರ್ಷ ನಾವು ತರುವ ನಾಲ್ಕು ಪುಸ್ತಕ ಮನೆಗೆ. ಯಾವ ನಾಲ್ಕು ಎಂದು ಮೊದಲೇ ಹೇಳುವುದಿಲ್ಲ, ಎಷ್ಟೋ ಸಲ ನಮಗೂ ಗೊತ್ತಿರುವುದಿಲ್ಲ.

ಇದು ನಮ್ಮ ತಲೆಯಿಂದ ಹೊಳೆದದ್ದೇನೂ ಅಲ್ಲ. ಇದೇ ಧಾರವಾಡದಲ್ಲಿ 1933ರಲ್ಲಿ ಜಿ.ಬಿ. ಜೋಶಿಯವರು ಮನೋಹರ ಗ್ರಂಥಮಾಲೆ ಶುರು ಮಾಡಿದಾಗ ನೆಚ್ಚಿಕೊಂಡದ್ದು ಚಂದಾದಾರರನ್ನೇ. ಇನ್ನೂ ಬರದ ಪುಸ್ತಕಕ್ಕೆ ಮುಂಗಡ ಕೊಡುವ ಓದುಗರಿದ್ದರೆ ಹೊಸಬರ ಮೇಲೆ ಪಂಥ ಕಟ್ಟಬಹುದು. ಕಾರ್ನಾಡರ ಮೊದಲ ನಾಟಕ ಬಂದದ್ದು ಸುಭಾಸ ರಸ್ತೆಯ ಗ್ರಂಥಮಾಲೆಯ ಅಟ್ಟದಿಂದಲೇ. ದೂರದ ಇನ್ನೊಂದು ಉದಾಹರಣೆ ಹೇಳುವುದಾದರೆ, ಇಂಗ್ಲೆಂಡಿನ ಶೆಫೀಲ್ಡ್ ಊರಿನ ಆ್ಯಂಡ್ ಅದರ್ ಸ್ಟೋರೀಸ್ ಎಂಬ ಸಣ್ಣ ಪ್ರಕಾಶನವೂ ಚಂದಾದಾರರ ಬಲದ ಮೇಲೆ ನಿಂತದ್ದು, ಪುಸ್ತಕದ ಕೊನೆಗೆ ಅವರ ಹೆಸರು ಅಚ್ಚು ಹಾಕುತ್ತದೆ. ನಾವೂ ಈ ವರ್ಷದಿಂದ ಹಾಗೆ ಮಾಡುತ್ತಿದ್ದೇವೆ. ಹೆಸರು ಬೇಡ ಎನ್ನುವವರು ತಿಳಿಸಿ.

ಸಣ್ಣಕತೆ ಯಾರು ಓದುತ್ತಾರೆ? ಕಾದಂಬರಿ ಬರೆಯಿರಿ ಎನ್ನುತ್ತಾರೆ ಎಲ್ಲರೂ.

ಅನ್ನಲಿ ಬಿಡಿ. ಮೇಲೆ ಹೇಳಿದ ಶೆಫೀಲ್ಡಿನ ಪ್ರಕಾಶನವೇ ಹಾಸನದ ಬಾನು ಮುಷ್ತಾಕ್ ಅವರ ಹನ್ನೆರಡು ಕತೆಗಳನ್ನು ಮಡಿಕೇರಿಯ ದೀಪಾ ಭಾಸ್ತಿಯವರ ಇಂಗ್ಲಿಷ್‌ನಲ್ಲಿ ತಂದದ್ದು. 2025ರ ಮೇ ತಿಂಗಳಲ್ಲಿ ಅದಕ್ಕೆ ಅಂತರರಾಷ್ಟ್ರೀಯ ಬೂಕರ್ ಬಂತು. ಕಥಾ ಸಂಕಲನವೊಂದಕ್ಕೆ ಆ ಬಹುಮಾನ ಬಂದದ್ದು ಅದೇ ಮೊದಲು. ಆ ಕತೆಗಳು ಕನ್ನಡದಲ್ಲಿ ಮೂವತ್ತಕ್ಕೂ ಹೆಚ್ಚು ವರ್ಷಗಳಿಂದ ಬರುತ್ತಲೇ ಇದ್ದವು. ಬೂಕರ್ ಬಂದ ವಾರ ನಮಗೂ ಫೋನುಗಳು ಬಂದವು, ‘ನಮ್ಮ ಕತೆಗಳನ್ನೂ ಇಂಗ್ಲಿಷಿಗೆ ಮಾಡಿಸ್ತೀರಾ?’ ಎಂದು. ನಮಗೆ ಅಷ್ಟು ದೂರ ಕೈ ಚಾಚುವುದಿಲ್ಲ. ಅನುವಾದದ ಹಕ್ಕು ನಿಮ್ಮಲ್ಲೇ ಇದೆಯೆಂದು ಮೇಲೆ ಬರೆದಿದ್ದೇವೆ, ಅನುವಾದಕರು ಸಿಕ್ಕರೆ ನಮ್ಮನ್ನು ಕೇಳುವುದೂ ಬೇಡ.

ಪುಸ್ತಕ ಎಲ್ಲಿ ಸಿಗುತ್ತದೆ? ಅಂಚೆ ಖರ್ಚು ಎಷ್ಟು?

ಬೆಂಗಳೂರು, ಮೈಸೂರು, ಧಾರವಾಡದ ಕೆಲವು ಅಂಗಡಿಗಳಲ್ಲಿ. ನೇರ ನಮ್ಮಿಂದಾದರೆ ಇನ್ನೂ ಒಳ್ಳೆಯದು, 64 ರೂಪಾಯಿಯ ಲೆಕ್ಕ ನೆನಪಿರಲಿ. ಅಂಚೆಯ ಹಳೆಯ ರಿಜಿಸ್ಟರ್ಡ್ ಬುಕ್ ಪೋಸ್ಟ್ 2024ರ ಡಿಸೆಂಬರ್‌ನಲ್ಲಿ ನಿಂತಾಗ ನಮ್ಮಂಥವರ ಎದೆ ಒಡೆದಿತ್ತು. 2025ರ ಮೇ 1ರಿಂದ ಜ್ಞಾನ ಪೋಸ್ಟ್ ಬಂದಿದೆ. ಶುರುವಾದಾಗಿನ ದರ 300 ಗ್ರಾಂವರೆಗೆ 20 ರೂಪಾಯಿ, 5 ಕೆಜಿಗೆ 100, ತೆರಿಗೆ ಬೇರೆ. ನಮ್ಮ 96 ಪುಟದ ಸಂಕಲನ ಸುಮಾರು 120 ಗ್ರಾಂ ತೂಗುತ್ತದೆ, ಹೊದಿಕೆ ಸೇರಿ ಎರಡು ಪುಸ್ತಕ 300ರೊಳಗೆ ಕೂರುತ್ತವೆ. ಆದ್ದರಿಂದ ಒಂದು ಕೊಳ್ಳುವವರು ಎರಡು ಕೊಂಡರೆ ಅಂಚೆ ಖರ್ಚು ಅಷ್ಟೇ. ಸ್ವಲ್ಪ ನಿಧಾನ, ನೆಲದ ಮೇಲೇ ಬರಬೇಕು.

ಅಮೆರಿಕ, ದುಬೈನಲ್ಲಿರುವವರಿಗೆ: ಅಂಚೆ ಖರ್ಚು ಪುಸ್ತಕದ ಬೆಲೆಗಿಂತ ಹೆಚ್ಚು. ಊರಿಗೆ ಬರುವವರ ವಿಳಾಸ ಕೊಡಿ, ಹಪ್ಪಳ ಸಂಡಿಗೆಯ ಜೊತೆ ಬಂದು ಸೇರುತ್ತದೆ. ಕೆಲವು ಪುಸ್ತಕಗಳ ಇ-ಪ್ರತಿಯೂ ಇದೆ.

ಬಿಡುಗಡೆ ಸಮಾರಂಭ ಮಾಡುತ್ತೀರಾ?

ಶಾಲು, ಹಾರ, ಆರು ಜನ ಅತಿಥಿಗಳು ಇಲ್ಲ. ಒಂದು ಸಂಜೆ, ನಲವತ್ತು ಕುರ್ಚಿ. ಲೇಖಕರು ಅರ್ಧ ಗಂಟೆ ಓದುತ್ತಾರೆ, ಕೂತವರು ಪ್ರಶ್ನೆ ಕೇಳುತ್ತಾರೆ, ಮಿರ್ಚಿ ಭಜಿ ಚಹಾ. ಪುಸ್ತಕದ ಟೇಬಲ್ಲು ಬಾಗಿಲ ಬಳಿಯೇ ಇರುತ್ತದೆ, ದಾಟಿಕೊಂಡೇ ಹೋಗಬೇಕು.

ನನ್ನ ಸಂಕಲನ ಬೇಡವೆಂದಿರಿ. ಕಾರಣ ಹೇಳಬಹುದೇ?

ಎರಡು ಸಾಲು ಬರೆದೇ ಇರುತ್ತೇವೆ. ಅದಕ್ಕಿಂತ ಹೆಚ್ಚು ಕೇಳಿದರೆ ಫೋನಿನಲ್ಲಿ ಹೇಳುವುದಿಲ್ಲ, ಎದುರು ಕೂತು ಮಾತಾಡುತ್ತೇವೆ. ಹಾಗೆ ಬಂದು ಎರಡು ಗಂಟೆ ಜಗಳವಾಡಿ ಹೋದ ಒಬ್ಬರು ಮುಂದಿನ ವರ್ಷ ಮತ್ತೆ ಕಳಿಸಿದರು, ಅದು ಈಗ ಎರಡನೇ ಮುದ್ರಣದಲ್ಲಿದೆ. ಜಗಳವಾಡಿದವರದೆಲ್ಲ ಹಾಗಾಗುತ್ತದೆಂದಲ್ಲ.

ಬಂದು ಭೇಟಿಯಾಗಬಹುದೇ?

ಸಂಜೆ ಐದರ ಮೇಲೆ, ಭಾನುವಾರ ಬಿಟ್ಟು. ಮೆಟ್ಟಿಲು ಕಡಿದಾಗಿದೆ, ಮೇಲಿನಿಂದ ಎರಡನೆಯದು ಸಡಿಲ. ಹೋಗುವಾಗ ಪುಸ್ತಕ ಕೊಳ್ಳಲೇಬೇಕೆಂಬ ಒತ್ತಾಯವಿಲ್ಲ, ಆದರೆ ಟೇಬಲ್ಲು ಇಲ್ಲೂ ಬಾಗಿಲ ಬಳಿಯೇ ಇದೆ.